ಒಂದೇ ನೊಗದ ಎರಡು ಮೋಟಾರುಗಳು

"ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು" ಎಂಬ ಗಾದೆಯನ್ನು ಕನ್ನಡ ಶಾಲೆಯಲ್ಲಿ ಓದಿದ ನಾವೆಲ್ಲರೂ ಒಮ್ಮೆಯಾದರೂ ವಿಸ್ತರಿಸಿ ಬರೆದಿರುತ್ತೇವೆ. ಎರಡು ಪ್ರಾಣಿಗಳನ್ನು ಒಂದೇ ನೊಗಕ್ಕೆ ಕಟ್ಟಿದ ಮಾತ್ರಕ್ಕೆ ಅವು ಜೋಡಿಯಾಗಿಬಿಡುವುದಿಲ್ಲ ಎಂಬುದು ಅದರ ತಾತ್ಪರ್ಯ. ಪರೀಕ್ಷೆಯಲ್ಲಿ ಅಂಕಗಳಿಗಾಗಿ ಬರೆದ ಆ ಮಾತಿನ ಪೂರ್ಣ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ತರುವಾಯ, ಬೆಂಗಳೂರಿನ ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ, ಗಣಕನಿಯಂತ್ರಿತ ಮಿಲ್ಲಿಂಗ್ ಯಂತ್ರವೊಂದರ ಮುಂದೆ ನಿಂತಾಗ.

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಕೇಳಿದರು. ಶಾಲೆಯ ಹಳೆಯ ದಿನಗಳನ್ನು ನನಗಿಂತ ಸೊಗಸಾಗಿ ಬಣ್ಣಿಸಬಲ್ಲ ಹಿರಿಯರು ಅನೇಕರಿದ್ದಾರೆ. ನನಗೆ ಗೊತ್ತಿರುವುದು ಯಂತ್ರಗಳ ವಿಷಯ. ಗೂಡಲೂರು ಸೀಮೆಯ ಎಷ್ಟೋ ತರುಣರು ಈಗ ಮೈಸೂರು, ಬೆಂಗಳೂರು, ಕೊಯಮತ್ತೂರುಗಳ ಕಾರ್ಖಾನೆಗಳಲ್ಲಿ ಇಂಥ ಯಂತ್ರಗಳನ್ನು ನಡೆಸುತ್ತಿದ್ದಾರೆ. ಬಾಗಿಲ ಮೇಲೆ ಹೂಬಳ್ಳಿ ಕೆತ್ತುವ ಗಣಕಯಂತ್ರವನ್ನು ಸಾಲ ಮಾಡಿ ಕೊಳ್ಳುವ ಮರಗೆಲಸದವರೂ ಇದ್ದಾರೆ. ಅವರಿಗೆ ಪ್ರಯೋಜನವಾಗಲಿ, ಉಳಿದವರಿಗೆ ತಿಳಿವಳಿಕೆಯಾಗಲಿ ಎಂಬ ಉದ್ದೇಶದಿಂದ ಈ ಪಾಠವನ್ನು ಬರೆಯುತ್ತಿದ್ದೇನೆ.

ಗಣಕನಿಯಂತ್ರಿತ ಮಿಲ್ಲಿಂಗ್ ಯಂತ್ರ

ಲೋಹದ ಅಥವಾ ಮರದ ತುಂಡನ್ನು ಮೇಜಿನ ಮೇಲೆ ಅಲುಗಾಡದಂತೆ ಬಿಗಿದು, ವೇಗವಾಗಿ ತಿರುಗುವ ಹಲ್ಲುಳ್ಳ ಕಟ್ಟರಿನಿಂದ ಬೇಡವಾದ ಭಾಗವನ್ನು ಕೊರೆದು ತೆಗೆಯುವುದಕ್ಕೆ ಮಿಲ್ಲಿಂಗ್ ಎನ್ನುತ್ತಾರೆ. ಹಿಂದೆ ಕುಶಲ ಕೆಲಸಗಾರನು ಹಿಡಿಚಕ್ರಗಳನ್ನು ತಿರುಗಿಸುತ್ತ, ಅಳತೆ ನೋಡುತ್ತ ಈ ಕೆಲಸವನ್ನು ಮಾಡುತ್ತಿದ್ದನು. ಹಿಡಿಚಕ್ರಗಳನ್ನು ಮೋಟಾರುಗಳಿಂದ ತಿರುಗಿಸಿ, ಆ ಮೋಟಾರುಗಳಿಗೆ ಅಂಕಿಗಳ ಮೂಲಕ ಆಜ್ಞೆ ಕೊಡಬಹುದೆಂಬ ಕಲ್ಪನೆ ಅಮೆರಿಕದ ಜಾನ್ ಪಾರ್ಸನ್ಸ್ ಅವರದು. ಅದನ್ನು ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಯೋಗಾಲಯವು 1952ರಲ್ಲಿ ಮಿಲ್ಲಿಂಗ್ ಯಂತ್ರವೊಂದರ ಮೇಲೆ ಪ್ರಯೋಗಿಸಿ ತೋರಿಸಿತು. ಅಂದು ಆಜ್ಞೆಗಳನ್ನು ತೂತು ಹೊಡೆದ ಕಾಗದದ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಈಗ ಆ ಕೆಲಸ ಗಣಕದ್ದಾಗಿದೆ.

ನಮ್ಮ ದೇಶದಲ್ಲಿ ಯಂತ್ರಗಳನ್ನು ತಯಾರಿಸುವ ಯಂತ್ರಗಳ ತವರೆಂದು ಹೆಸರು ಪಡೆದ ಊರುಗಳಲ್ಲಿ ಬೆಂಗಳೂರು ಮುಖ್ಯವಾದುದು. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಹುಟ್ಟಿತು. 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್ ಕಾರ್ಖಾನೆಯೂ, 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗಾಗಿ ಕೇಂದ್ರ ಸರ್ಕಾರದ ಸಂಸ್ಥೆಯೂ ಬಂದವು. ಇವುಗಳ ನೆರಳಿನಲ್ಲಿ ಪೀಣ್ಯದ ನೂರಾರು ಸಣ್ಣ ಕಾರ್ಖಾನೆಗಳು ಬೆಳೆದವು. ಗುಂಡ್ಲುಪೇಟೆಯ ದಾರಿ ಹಿಡಿದು ಕೆಲಸ ಹುಡುಕಿಕೊಂಡು ಹೋದ ನಮ್ಮಂಥವರಿಗೆ ಅನ್ನ ಕೊಟ್ಟದ್ದು ಈ ಕಾರ್ಖಾನೆಗಳೇ.

ಎರಡು ಮೋಟಾರುಗಳೇಕೆ?

ಸಣ್ಣ ಯಂತ್ರದಲ್ಲಿ ಒಂದೊಂದು ದಿಕ್ಕಿನ ಚಲನೆಗೆ ಒಂದೊಂದು ಮೋಟಾರು ಸಾಕು. ಮೇಜಿನ ನಡುವೆ ಒಂದು ಉದ್ದನೆಯ ಸ್ಕ್ರೂ ಇರುತ್ತದೆ. ಮೋಟಾರು ಅದನ್ನು ತಿರುಗಿಸಿದಂತೆ ಮೇಜು ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ಅಗಲವಾದ ಹಲಗೆಯನ್ನೋ ಬಾಗಿಲನ್ನೋ ಕೊರೆಯಬೇಕಾದಾಗ ಮೇಜನ್ನು ಸರಿಸುವುದು ಅನುಕೂಲವಲ್ಲ. ಆದುದರಿಂದ ಮೇಜನ್ನು ಸ್ಥಿರವಾಗಿಟ್ಟು, ಅದರ ಮೇಲೆ ಸೇತುವೆಯಂತೆ ಒಂದು ಅಡ್ಡತೊಲೆಯನ್ನು ನಿಲ್ಲಿಸುತ್ತಾರೆ. ತೊಲೆಯ ಎರಡು ಕಾಲುಗಳು ಮೇಜಿನ ಎಡಬಲಗಳಲ್ಲಿರುವ ಹಳಿಗಳ ಮೇಲೆ ಸಾಗುತ್ತವೆ. ಕಟ್ಟರು ಈ ತೊಲೆಯ ಉದ್ದಕ್ಕೂ ಓಡಾಡುತ್ತದೆ. ಈ ರಚನೆಗೆ ಗ್ಯಾಂಟ್ರಿ ಎಂದು ಹೆಸರು.

ಈ ತೊಲೆಯನ್ನು ಒಂದೇ ಬದಿಯಿಂದ ತಳ್ಳಿದರೆ ಏನಾಗುವುದು? ಹಳೆಯ ಮರದ ಮೇಜಿನ ಅಗಲವಾದ ಡ್ರಾಯರನ್ನು ಒಂದೇ ಮೂಲೆ ಹಿಡಿದು ಎಳೆದು ನೋಡಿ. ಹಿಡಿದ ಮೂಲೆ ಹೊರಬರುತ್ತದೆ, ಇನ್ನೊಂದು ಹಿಂದುಳಿಯುತ್ತದೆ, ಡ್ರಾಯರು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಎರಡು ಕೈಗಳಿಂದ ಎರಡು ತುದಿಗಳನ್ನು ಹಿಡಿದು ಸಮವಾಗಿ ಎಳೆದರೆ ಮಾತ್ರ ಸುಗಮವಾಗಿ ಬರುತ್ತದೆ. ಅದೇ ಕಾರಣದಿಂದ ಗ್ಯಾಂಟ್ರಿಯ ಎಡಗಾಲಿಗೊಂದು, ಬಲಗಾಲಿಗೊಂದು ಸ್ಕ್ರೂ ಇಟ್ಟು ಎರಡು ಮೋಟಾರುಗಳನ್ನು ಕೂಡಿಸುತ್ತಾರೆ. ಕಾರ್ಯಕ್ರಮ ಬರೆಯುವವನ ಕಣ್ಣಿಗೆ ಕಾಣುವ ಅಕ್ಷ ಒಂದೇ. ಅದನ್ನು ನಡೆಸುವ ಮೋಟಾರುಗಳು ಎರಡು. ತೊಲೆಯೇ ಇಲ್ಲಿ ನೊಗ.

ಒಂದೇ ಮೋಟಾರಿನಿಂದ ಎರಡು ಸ್ಕ್ರೂಗಳನ್ನೂ ಬೆಲ್ಟಿನ ಮೂಲಕ ತಿರುಗಿಸುವ ಯಂತ್ರಗಳೂ ಇವೆ. ಅಗಲ ಕಡಮೆಯಿದ್ದಲ್ಲಿ ಅದು ಒಳ್ಳೆಯ ಉಪಾಯವೇ ಸರಿ. ಅಗಲ ಹೆಚ್ಚಿದಂತೆ ಬೆಲ್ಟು ಉದ್ದವಾಗಿ ಹಿಗ್ಗತೊಡಗುತ್ತದೆ, ಆಗ ಎರಡು ಮೋಟಾರುಗಳು ಅನಿವಾರ್ಯವಾಗುತ್ತವೆ.

ಒಂದೇ ಆಜ್ಞೆ ಸಾಲದು

ಸಾಧಾರಣ ಬೆಲೆಯ ಯಂತ್ರಗಳಲ್ಲಿ ಬಳಸುವುದು ಸ್ಟೆಪ್ಪರ್ ಮೋಟಾರು. ಇದು ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಸಾಮಾನ್ಯವಾಗಿ ಒಂದು ಪೂರ್ಣ ಸುತ್ತಿಗೆ 200 ಹೆಜ್ಜೆಗಳು, ಅಂದರೆ ಹೆಜ್ಜೆಯೊಂದಕ್ಕೆ 1.8 ಅಂಶ. ಮೋಟಾರಿಗೆ ವಿದ್ಯುತ್ತನ್ನು ಹಂಚುವ ಡ್ರೈವ್ ಎಂಬ ಪೆಟ್ಟಿಗೆಯು ಪ್ರತಿ ಹೆಜ್ಜೆಯನ್ನು ಹತ್ತು ಭಾಗಗಳಾಗಿ ಒಡೆಯಬಲ್ಲುದಾದರೆ ಒಂದು ಸುತ್ತಿಗೆ 2000 ಸ್ಪಂದಗಳಾದವು. ಒಂದು ಸುತ್ತಿಗೆ 5 ಮಿ.ಮೀ. ಮುಂದೆ ಸಾಗಿಸುವ ಸ್ಕ್ರೂ ಇದ್ದರೆ, ಒಂದು ಮಿಲಿಮೀಟರಿಗೆ 400 ಸ್ಪಂದಗಳು ಬೇಕು. ಗಣಕವು 400 ಸ್ಪಂದ ಕಳುಹಿಸಿದರೆ ತೊಲೆ ಒಂದು ಮಿ.ಮೀ. ಸರಿದಿದೆ ಎಂದು ನಂಬಿಕೊಳ್ಳುತ್ತದೆ.

ಅದು ನಂಬಿಕೆ ಮಾತ್ರ ಎಂಬುದನ್ನು ಗಮನಿಸಬೇಕು. ಮೋಟಾರು ನಿಜವಾಗಿಯೂ ತಿರುಗಿತೇ ಎಂದು ಗಣಕವು ಕೇಳುವುದಿಲ್ಲ. ಒಂದೇ ಸ್ಪಂದವನ್ನು ಎರಡೂ ಡ್ರೈವ್‌ಗಳಿಗೆ ಏಕಕಾಲದಲ್ಲಿ ಕೊಟ್ಟರೆ ಎರಡು ಮೋಟಾರುಗಳೂ ಏಕಪ್ರಕಾರವಾಗಿ ನಡೆಯುತ್ತವೆ ಎಂದು ಮೊದಲು ಎಲ್ಲರಿಗೂ ಅನ್ನಿಸುತ್ತದೆ. ಹೊರೆ ಹಗುರವಾಗಿರುವ ತನಕ ನಡೆಯುತ್ತವೆ ಕೂಡ. ಒಂದು ಬದಿಯ ಸ್ಕ್ರೂವಿನಲ್ಲಿ ಲೋಹದ ಪುಡಿ ಸೇರಿ ಬಿಗಿಯಾಯಿತೆನ್ನಿ. ಅಥವಾ ವೇಗವನ್ನು ಥಟ್ಟನೆ ಏರಿಸಿದಿರೆನ್ನಿ. ಆ ಬದಿಯ ಮೋಟಾರಿನ ಶಕ್ತಿ ಸಾಲದೆ ಅದು ಜಾರುತ್ತದೆ.

ಈ ಜಾರುವಿಕೆಯಲ್ಲಿಯೂ ಒಂದು ನಿಯಮವಿದೆ. ಸ್ಟೆಪ್ಪರ್ ಮೋಟಾರಿನ ಒಳಗಿನ ಅಯಸ್ಕಾಂತಗಳ ಸ್ಥಿತಿ ನಾಲ್ಕು ಹೆಜ್ಜೆಗಳಿಗೊಮ್ಮೆ ಮತ್ತೆ ಮೊದಲಿನಂತಾಗುತ್ತದೆ. ಆದ್ದರಿಂದ ಜಾರಿದ ಮೋಟಾರು ನಾಲ್ಕು ಹೆಜ್ಜೆ, ಇಲ್ಲವೆ ಎಂಟು, ಇಲ್ಲವೆ ಹನ್ನೆರಡು, ಹೀಗೆ ನಾಲ್ಕರ ಗುಣಕದಲ್ಲಿ ಹಿಂದೆ ಬೀಳುತ್ತದೆ. 200 ಹೆಜ್ಜೆಗೆ 5 ಮಿ.ಮೀ. ಆದರೆ ನಾಲ್ಕು ಹೆಜ್ಜೆಗೆ 0.1 ಮಿ.ಮೀ. ಒಂದು ಸಲ ಜಾರಿದರೆ ಕೂದಲೆಳೆಯಷ್ಟು ವ್ಯತ್ಯಾಸ, ಯಾರ ಕಣ್ಣಿಗೂ ಬೀಳದು. ಹತ್ತು ಸಲ ಜಾರಿದರೆ ಒಂದು ಮಿ.ಮೀ. ಆಗುತ್ತದೆ. ತೊಲೆಯ ಒಂದು ಕಾಲು ಮುಂದೆ, ಇನ್ನೊಂದು ಹಿಂದೆ. ಗಣಕದ ಪರದೆಯ ಮೇಲಿನ ಅಂಕಿಗಳು ಮಾತ್ರ ಎಲ್ಲವೂ ಸರಿಯಾಗಿದೆ ಎಂದು ತೋರಿಸುತ್ತಲೇ ಇರುತ್ತವೆ.

ನಾನು ಮಾಡಿದ ತಪ್ಪು

ಆ ಕಾರ್ಖಾನೆಯಲ್ಲಿ ನಾನು ಮೇಲ್ವಿಚಾರಕನಾಗಿದ್ದೆ. ಅಲ್ಯೂಮಿನಿಯಂ ತಗಡಿನಿಂದ 800 ಮಿ.ಮೀ. ಉದ್ದ, 600 ಮಿ.ಮೀ. ಅಗಲದ ಮುಖಫಲಕಗಳನ್ನು ಕತ್ತರಿಸಿ ಕೊಡುವ ಕೆಲಸ ಬಂದಿತ್ತು. ಯಂತ್ರವನ್ನು ನಡೆಸುತ್ತಿದ್ದವನು ಐ.ಟಿ.ಐ. ಮುಗಿಸಿ ಬಂದಿದ್ದ ಒಬ್ಬ ಹುಡುಗ. ಒಂದು ವಾರದ ಅನಂತರ ಗಿರಾಕಿಯಿಂದ ಫಲಕಗಳು ಹಿಂದಕ್ಕೆ ಬಂದವು. ಅವು ಪೆಟ್ಟಿಗೆಯ ಚೌಕಟ್ಟಿಗೆ ಹೊಂದುತ್ತಿರಲಿಲ್ಲ. ಉದ್ದ ಸರಿಯಿದೆ, ಅಗಲ ಸರಿಯಿದೆ, ಆದರೂ ಒಂದು ಮೂಲೆ ಒಳಗೆ ಹೋದರೆ ಇನ್ನೊಂದು ಹೊರಗೆ ಉಳಿಯುತ್ತಿತ್ತು.

ತಗಡನ್ನು ಸರಿಯಾಗಿ ಬಿಗಿಯದೆ ಕತ್ತರಿಸಿದ್ದಾನೆ ಎಂದು ನಾನು ತೀರ್ಮಾನಿಸಿದೆ. ಎಲ್ಲರೆದುರಿಗೆ ಆ ಹುಡುಗನನ್ನು ಗದರಿಸಿದೆ. ಹಾಳಾದ ತಗಡಿನ ಬೆಲೆಯಲ್ಲಿ ಒಂದು ಪಾಲನ್ನು ಅವನ ಸಂಬಳದಿಂದ ಹಿಡಿದುಕೊಂಡದ್ದೂ ಉಂಟು. ಅವನು ಮೆಲ್ಲನೆ, "ಸಾರ್, ವೇಗವಾಗಿ ಮುಂದಕ್ಕೆ ಸಾಗುವಾಗ ಬಲಗಡೆಯಿಂದ ಟಕ್ ಎಂದು ಸದ್ದು ಬರುತ್ತದೆ, ಹೋದ ವಾರವೇ ಹೇಳಿದ್ದೆ" ಎಂದನು. ನಾನು ಅದನ್ನು ನೆಪವೆಂದು ತಿಳಿದೆ.

ಆ ರಾತ್ರಿ ಹಿಂದಕ್ಕೆ ಬಂದ ಫಲಕವೊಂದನ್ನು ಮುಂದಿಟ್ಟುಕೊಂಡು ಕುಳಿತಾಗ, ನಮ್ಮ ಶಾಲೆಯ ರೇಖಾಗಣಿತದ ತರಗತಿ ನೆನಪಾಯಿತು. ಆಯತದ ಎರಡು ಕರ್ಣಗಳು ಸಮನಾಗಿರುತ್ತವೆ. ಬಾಹುಗಳು ಅಷ್ಟೇ ಇದ್ದು ಕರ್ಣಗಳು ಸಮನಲ್ಲದಿದ್ದರೆ ಅದು ಬರಿಯ ಸಮಾಂತರ ಚತುರ್ಭುಜ. ಕರ್ಣಗಳನ್ನು ಅಳೆದು ನೋಡಿದೆ. ಒಂದಕ್ಕಿಂತ ಇನ್ನೊಂದು 1.6 ಮಿ.ಮೀ. ಉದ್ದವಾಗಿತ್ತು. ಫಲಕ ಆಯತವಾಗಿರಲೇ ಇಲ್ಲ. ಬಿಗಿಯುವಾಗ ತಗಡು ಸರಿದಿದ್ದರೆ ಒಂದೊಂದು ಫಲಕ ಒಂದೊಂದು ರೀತಿ ಕೆಡಬೇಕಿತ್ತು. ಇಲ್ಲಿ ಎಲ್ಲ ಫಲಕಗಳೂ ಒಂದೇ ಕಡೆಗೆ, ಹೆಚ್ಚುಕಡಮೆ ಒಂದೇ ಅಳತೆಯಲ್ಲಿ ಓರೆಯಾಗಿದ್ದವು. ತಪ್ಪು ಹುಡುಗನ ಕೈಯದಾಗಿರಲಿಲ್ಲ, ಯಂತ್ರದ ತೊಲೆಯದಾಗಿತ್ತು.

ಕರ್ಣದ ಲೆಕ್ಕ

ಈ ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಮಾಡಬಲ್ಲರು. ಬಾಹುಗಳು 600 ಮತ್ತು 800 ಇದ್ದರೆ ಕರ್ಣ 1000. ಇದು ಮನೆ ಕಟ್ಟುವ ಮೇಸ್ತ್ರಿಯು ದಾರ ಹಿಡಿದು ಮೂಲೆ ಕೂಡಿಸುವ ಮೂರು, ನಾಲ್ಕು, ಐದರ ಲೆಕ್ಕವೇ. ತೊಲೆಯು ಸ್ವಲ್ಪ ಓರೆಯಾದರೆ ಒಂದು ಕರ್ಣ ಹಿಗ್ಗಿ ಇನ್ನೊಂದು ಕುಗ್ಗುತ್ತದೆ. ಇವುಗಳ ವ್ಯತ್ಯಾಸವನ್ನು ತಿಳಿಯಲು, ಎರಡು ಬಾಹುಗಳ ಗುಣಲಬ್ಧವನ್ನು ಇಮ್ಮಡಿಗೊಳಿಸಿ, ಕರ್ಣದಿಂದ ಭಾಗಿಸಿ, ಓರೆಯ ಪ್ರಮಾಣದಿಂದ ಗುಣಿಸಬೇಕು. 600 × 800 × 2 = 9,60,000; ಅದನ್ನು 1000ದಿಂದ ಭಾಗಿಸಿದರೆ 960. ಓರೆಯ ಪ್ರಮಾಣವೆಂದರೆ ಒಂದು ಕಾಲು ಹಿಂದುಳಿದ ದೂರವನ್ನು ಎರಡು ಸ್ಕ್ರೂಗಳ ನಡುವಣ ಅಂತರದಿಂದ ಭಾಗಿಸಿದಾಗ ಬರುವ ಸಂಖ್ಯೆ. ನಮ್ಮ ಯಂತ್ರದಲ್ಲಿ ಆ ಅಂತರ 1200 ಮಿ.ಮೀ. ಇತ್ತು.

ಈಗ ಹಿಮ್ಮುಖವಾಗಿ ಬರೋಣ. ಕರ್ಣಗಳ ವ್ಯತ್ಯಾಸ 1.6 ಮಿ.ಮೀ. ಅದನ್ನು 960ರಿಂದ ಭಾಗಿಸಿ 1200ರಿಂದ ಗುಣಿಸಿದರೆ 2 ಮಿ.ಮೀ. ಬರುತ್ತದೆ. ಅಂದರೆ ತೊಲೆಯ ಒಂದು ಕಾಲು ಇನ್ನೊಂದಕ್ಕಿಂತ 2 ಮಿ.ಮೀ. ಹಿಂದಿತ್ತು. ಒಂದು ಜಾರುವಿಕೆಗೆ 0.1 ಮಿ.ಮೀ.ನಂತೆ ಇದು ಇಪ್ಪತ್ತು ಜಾರುವಿಕೆಗಳ ಮೊತ್ತ. ಹುಡುಗನ ಕಿವಿಗೆ ಬಿದ್ದ ಟಕ್ ಎಂಬ ಸದ್ದು ಏನೆಂದು ಆಗ ತಿಳಿಯಿತು.

ಯಾವ ಕಾಲು ಹಿಂದೆ ಎಂಬುದನ್ನೂ ಕರ್ಣಗಳೇ ಹೇಳುತ್ತವೆ. ಯಂತ್ರದ ಹಿಂಬದಿಯಲ್ಲಿ ನಿಂತು ತೊಲೆ ಮುಂದೆ ಸಾಗುವ ದಿಕ್ಕಿಗೆ ಮುಖ ಮಾಡಿ. ಉದ್ದವಾದ ಕರ್ಣದ ದೂರದ ತುದಿ ಎಡಕ್ಕಿದ್ದರೆ ಎಡಗಾಲು ಮುಂದಾಗಿದೆ, ಬಲಕ್ಕಿದ್ದರೆ ಬಲಗಾಲು ಮುಂದಾಗಿದೆ. ನಮ್ಮ ಫಲಕದಲ್ಲಿ ಅದು ಎಡಕ್ಕಿತ್ತು. ಬಲಬದಿಯ ಸ್ಕ್ರೂವಿನ ಮೇಲಿನ ಮುಚ್ಚಳ ತೆಗೆದು ನೋಡಿದರೆ ಗ್ರೀಸು ಒಣಗಿ, ಅಲ್ಯೂಮಿನಿಯಂ ಪುಡಿಯೊಡನೆ ಸೇರಿ ಹೆಂಟೆಯಂತೆ ಗಟ್ಟಿಯಾಗಿತ್ತು.

ಹೊರಡುವ ಮೊದಲು ಸಮನಾಗಿ ನಿಲ್ಲುವುದು

ಸ್ಕ್ರೂವನ್ನು ಶುದ್ಧಿ ಮಾಡಿದರೆ ಜಾರುವಿಕೆ ನಿಂತೀತು. ಆದರೆ ಒಂದು ಪ್ರಶ್ನೆ ಉಳಿಯಿತು. ದಿನವೂ ಬೆಳಿಗ್ಗೆ ಯಂತ್ರವನ್ನು ಮೂಲಸ್ಥಾನಕ್ಕೆ ತಂದು ನಿಲ್ಲಿಸುತ್ತಿದ್ದೆವಲ್ಲ, ಆಗ ಈ ಓರೆ ಏಕೆ ಸರಿಹೋಗಲಿಲ್ಲ?

ವಿದ್ಯುತ್ ಹೋಗಿ ಬಂದ ಮೇಲೆ ತಾನೆಲ್ಲಿದ್ದೇನೆಂದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಆದುದರಿಂದ ತೊಲೆಯನ್ನು ನಿಧಾನವಾಗಿ ಒಂದು ತುದಿಗೆ ನಡೆಸಿ, ಅಲ್ಲಿರುವ ಸ್ವಿಚ್ಚನ್ನು ಮುಟ್ಟಿಸಿ, ಅದನ್ನು ಸೊನ್ನೆಯೆಂದು ಗುರುತು ಹಾಕಿಕೊಳ್ಳುತ್ತಾರೆ. ಇದಕ್ಕೆ ಹೋಮಿಂಗ್ ಎನ್ನುತ್ತಾರೆ. ಮನೆಗೆ ಮರಳುವುದು ಎಂದು ಕನ್ನಡದಲ್ಲಿ ಹೇಳಬಹುದು. ನಮ್ಮ ಯಂತ್ರದಲ್ಲಿ ಸ್ವಿಚ್ಚು ಇದ್ದದ್ದು ಎಡಬದಿಯಲ್ಲಿ ಮಾತ್ರ. ಎಡಗಾಲು ಸ್ವಿಚ್ಚನ್ನು ಮುಟ್ಟಿದೊಡನೆ ಎರಡು ಮೋಟಾರುಗಳೂ ನಿಲ್ಲುತ್ತಿದ್ದವು. ಬಲಗಾಲು ಎಲ್ಲಿದೆಯೆಂದು ಯಾರೂ ಕೇಳುತ್ತಿರಲಿಲ್ಲ. ಅದು ನಿನ್ನೆ ಎಷ್ಟು ಹಿಂದಿತ್ತೋ ಇಂದೂ ಅಷ್ಟೇ ಹಿಂದೆ ಉಳಿಯುತ್ತಿತ್ತು, ಅದರ ಮೇಲೆ ಇಂದಿನ ಜಾರುವಿಕೆಯೂ ಸೇರುತ್ತಿತ್ತು. ತಪ್ಪು ಪಿತ್ರಾರ್ಜಿತ ಸಾಲದಂತೆ ದಿನದಿಂದ ದಿನಕ್ಕೆ ಬೆಳೆಯಿತು.

ಸರಿಯಾದ ಕ್ರಮ ಹೀಗಿದೆ. ಎರಡು ಕಾಲುಗಳಿಗೂ ಪ್ರತ್ಯೇಕ ಸ್ವಿಚ್ಚುಗಳಿರಬೇಕು. ಎರಡು ಡ್ರೈವ್‌ಗಳಿಗೂ ಗಣಕದಿಂದ ಪ್ರತ್ಯೇಕ ತಂತಿಗಳು ಬರಬೇಕು. ಒಂದೇ ತಂತಿಯನ್ನು ಕವಲೊಡೆಸಿದರೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ನಡೆಸುವಂತಿಲ್ಲ. ಮನೆಗೆ ಮರಳುವಾಗ ಎರಡೂ ಜೊತೆಯಾಗಿ ಹೊರಡುತ್ತವೆ. ಯಾವುದು ಮೊದಲು ತನ್ನ ಸ್ವಿಚ್ಚನ್ನು ಮುಟ್ಟುವುದೋ ಅದು ನಿಂತು ಕಾಯುತ್ತದೆ. ಇನ್ನೊಂದು ತನ್ನ ಸ್ವಿಚ್ಚಿನವರೆಗೆ ಸಾಗುತ್ತದೆ. ಆಮೇಲೆ ಎರಡೂ ಸ್ವಲ್ಪ ಹಿಂದೆ ಸರಿದು, ಮತ್ತಷ್ಟು ನಿಧಾನವಾಗಿ ಇನ್ನೊಮ್ಮೆ ಮುಟ್ಟಿ, ನಿಖರವಾದ ಸ್ಥಾನವನ್ನು ಗುರುತಿಸಿಕೊಳ್ಳುತ್ತವೆ. ಹೀಗೆ ಪ್ರತಿದಿನವೂ ತೊಲೆ ನೇರವಾಗಿ ನಿಂತು ಕೆಲಸ ಆರಂಭಿಸುತ್ತದೆ. ಲಿನಕ್ಸ್ ಸಿ.ಎನ್.ಸಿ. ಎಂಬ ಉಚಿತ ತಂತ್ರಾಂಶದಲ್ಲಿಯೂ ಈ ಏರ್ಪಾಡಿದೆ. ಎರಡು ಮೋಟಾರುಗಳ ಹೋಮಿಂಗ್ ಕ್ರಮಾಂಕವನ್ನು ಒಂದೇ ಋಣಸಂಖ್ಯೆಯಾಗಿ ಕೊಟ್ಟರೆ ಅವುಗಳ ಕೊನೆಯ ಚಲನೆ ಒಟ್ಟಿಗೆ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಸ್ವಿಚ್ಚುಗಳನ್ನು ಕಣ್ಣಳತೆಯಲ್ಲಿ ಕೂಡಿಸಿ, ಮೋಟಾರುಗಳ ಬಲದಿಂದ ತೊಲೆಯನ್ನು ನೇರಮಾಡಲು ಹೋಗಬಾರದು. ಮೊದಲು ವಿದ್ಯುತ್ತನ್ನು ತೆಗೆದು, ತೊಲೆಯ ಬೋಲ್ಟುಗಳನ್ನು ಸಡಿಲಿಸಿ, ಮೂಲೆಮಟ್ಟ ಹಿಡಿದು ಹಳಿಗಳಿಗೆ ಲಂಬವಾಗಿ ನಿಲ್ಲಿಸಿ ಬಿಗಿಯಬೇಕು. ತೊಲೆ ತನ್ನ ಸ್ವಭಾವದಿಂದಲೇ ನೇರವಾಗಿ ನಿಂತ ಸ್ಥಾನಕ್ಕೆ ಸ್ವಿಚ್ಚುಗಳನ್ನು ಹೊಂದಿಸಬೇಕು. ಅನಂತರ ಒಂದು ಹಲಗೆಯ ಮೇಲೆ 600ಕ್ಕೆ 800ರ ಆಯತದ ನಾಲ್ಕು ಮೂಲೆಗಳಲ್ಲಿ ಸಣ್ಣ ರಂಧ್ರಗಳನ್ನು ಕೊರೆದು ಕರ್ಣಗಳನ್ನು ಅಳೆದು, ಉಳಿದ ಅಲ್ಪ ವ್ಯತ್ಯಾಸವನ್ನು ಗಣಕದಲ್ಲಿ ಅಂಕಿಯಾಗಿ ತುಂಬಿಸಬೇಕು. ಬಾಗಿದ ತೊಲೆಯನ್ನು ಬಲವಂತದಿಂದ ನೇರವಾಗಿ ಹಿಡಿದಿಟ್ಟರೆ ಹಳಿಯ ಬೇರಿಂಗುಗಳು ಬೇಗನೆ ಸವೆಯುತ್ತವೆ.

ಜೊತೆಗಾರನ ಪಾಡನ್ನು ತಿಳಿಯುವುದು

ದೊಡ್ಡ ಯಂತ್ರಗಳಲ್ಲಿ ಸ್ಟೆಪ್ಪರಿನ ಬದಲು ಸರ್ವೋ ಮೋಟಾರುಗಳಿರುತ್ತವೆ. ಸರ್ವೋ ಮೋಟಾರಿನ ಹಿಂಬದಿಯಲ್ಲಿ ಎನ್‌ಕೋಡರ್ ಎಂಬ ಅಳತೆಗಾರನಿದ್ದಾನೆ. ಮೋಟಾರು ಎಷ್ಟು ತಿರುಗಿತೆಂದು ಅವನು ಕ್ಷಣಕ್ಷಣಕ್ಕೂ ವರದಿ ಒಪ್ಪಿಸುತ್ತಾನೆ. ಆಜ್ಞೆಗೂ ನಡೆಗೂ ವ್ಯತ್ಯಾಸ ಕಂಡರೆ ಡ್ರೈವು ವಿದ್ಯುತ್ತನ್ನು ಹೆಚ್ಚಿಸಿ ಸರಿಪಡಿಸುತ್ತದೆ. ಗ್ಯಾಂಟ್ರಿಯಲ್ಲಿ ಇಷ್ಟೇ ಸಾಲದು. ಎಡ ಮೋಟಾರು ತನ್ನ ಗುರಿಗಿಂತ ಎಷ್ಟು ಹಿಂದಿದೆ ಎಂಬುದರ ಜೊತೆಗೆ, ಬಲ ಮೋಟಾರಿಗಿಂತ ಎಷ್ಟು ಹಿಂದಿದೆ ಎಂಬುದನ್ನೂ ಲೆಕ್ಕ ಹಾಕಬೇಕು. ಆ ಅಂತರ ಒಂದು ಮಿತಿಯನ್ನು ದಾಟಿದರೆ ಯಂತ್ರ ನಿಂತುಬಿಡಬೇಕು.

ಇದರಲ್ಲಿಯೂ ಒಂದು ಇಕ್ಕಟ್ಟಿದೆ. ಉಕ್ಕಿನ ಸ್ಕ್ರೂ ಒಂದು ಡಿಗ್ರಿ ಬಿಸಿಯೇರಿದರೆ ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಕಿಟಕಿಯ ಬಿಸಿಲು ಬೀಳುವ ಬದಿಯ ಸ್ಕ್ರೂ ಐದು ಡಿಗ್ರಿ ಹೆಚ್ಚು ಬಿಸಿಯಾದರೆ 0.06 ಮಿ.ಮೀ. ವ್ಯತ್ಯಾಸವಾಯಿತು. ಎರಡು ಮೋಟಾರುಗಳೂ ತಾವು ಸರಿಯಾಗಿದ್ದೇವೆಂದು ಪಟ್ಟು ಹಿಡಿದರೆ, ಗಟ್ಟಿಯಾದ ತೊಲೆಯ ಮೂಲಕ ಒಂದನ್ನೊಂದು ತಳ್ಳುತ್ತ, ತೊಲೆ ನಿಂತಲ್ಲಿಯೇ ನಿಂತಿದ್ದರೂ ಬಿಸಿಯಾಗುತ್ತಿರುತ್ತವೆ. ತೊಲೆ ಸ್ವಲ್ಪ ಬಾಗುವಂತಿದ್ದಲ್ಲಿ ಎರಡಕ್ಕೂ ಸ್ಥಾನದ ಆಜ್ಞೆಯನ್ನೇ ಕೊಡಬಹುದು. ಎರಡು ಮೋಟಾರುಗಳು ಒಂದೇ ಹಲ್ಲುಪಟ್ಟಿಯನ್ನೋ ಒಂದೇ ಗಟ್ಟಿ ಹೊರೆಯನ್ನೋ ನೂಕುವಲ್ಲಿ ಬೇರೊಂದು ಉಪಾಯವಿದೆ. ಸ್ಥಾನವನ್ನು ಕಾಯುವ ಹೊಣೆ ಒಂದು ಮೋಟಾರಿನದು. ಇನ್ನೊಂದಕ್ಕೆ "ಇಷ್ಟು ಬಲ ಕೊಡು" ಎಂಬ ಆಜ್ಞೆ ಮಾತ್ರ. ಫ್ಯಾನಕ್, ಸೀಮೆನ್ಸ್ ಮುಂತಾದ ನಿಯಂತ್ರಕಗಳಲ್ಲಿ ಈ ಎರಡು ಬಗೆಗೂ ಪ್ರತ್ಯೇಕ ವ್ಯವಸ್ಥೆಗಳಿವೆ.

ಎರಡು ಬಲಗಳು ಒಂದನ್ನೊಂದು ತಿಳಿದು ದುಡಿಯುವ ಬಗೆಗೆ ಅತಿ ಸುಂದರವಾದ ನಿದರ್ಶನ ನಮ್ಮ ನೀಲಗಿರಿಯಲ್ಲಿಯೇ ಇದೆ. ಶಾಲೆಯ ಪ್ರವಾಸದಲ್ಲಿ ಬೆಟ್ಟದ ರೈಲನ್ನು ನಾವು ಬೆರಗಿನಿಂದ ನೋಡಿದ್ದೇವೆ. 1899ರಲ್ಲಿ ಕೂನೂರಿನವರೆಗೂ 1908ರಲ್ಲಿ ಉದಕಮಂಡಲದವರೆಗೂ ಬಂದ ಈ ರೈಲುಮಾರ್ಗ 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಲ್ಲಾರಿನಿಂದ ಕೂನೂರಿಗೆ ಏರುವ ಹಾದಿಯಲ್ಲಿ ಸುಮಾರು ಹನ್ನೆರಡು ಅಡಿಗೆ ಒಂದು ಅಡಿಯಷ್ಟು ಏರು. ಅಷ್ಟು ಏರಿನಲ್ಲಿ ಬರಿಯ ಗಾಲಿಗಳು ಹಿಡಿತ ತಪ್ಪುತ್ತವೆ. ಆದುದರಿಂದ ಎರಡು ಹಳಿಗಳ ನಡುವೆ ಹಲ್ಲುಪಟ್ಟಿಗಳನ್ನು ಹಾಸಿದ್ದಾರೆ. ಆಬ್ಟ್ ಎಂಬ ಸ್ವಿಸ್ ಎಂಜಿನಿಯರರ ಹೆಸರಿನ ಈ ಪದ್ಧತಿಯಲ್ಲಿ ಹಲ್ಲುಪಟ್ಟಿಗಳು ಎರಡು. ಒಂದರ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರುವಂತೆ ಜೋಡಿಸಿರುವುದರಿಂದ ಹಿಡಿತ ಯಾವ ಕ್ಷಣದಲ್ಲಿಯೂ ಪೂರ್ತಿಯಾಗಿ ಬಿಟ್ಟುಹೋಗುವುದಿಲ್ಲ.

ಈ ಮಾರ್ಗದ ಎಕ್ಸ್ ವರ್ಗದ ಉಗಿಯಂತ್ರಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನಲ್ಲಿ ರೂಪುಗೊಂಡವು. ಇವುಗಳಲ್ಲಿ ನಾಲ್ಕು ಸಿಲಿಂಡರುಗಳು. ಎರಡು ಸಿಲಿಂಡರುಗಳು ಹಳಿಯ ಮೇಲಿನ ಗಾಲಿಗಳನ್ನು ತಿರುಗಿಸಿದರೆ, ಉಳಿದೆರಡು ಹಲ್ಲುಪಟ್ಟಿಯನ್ನು ಹಿಡಿದೇರುವ ಹಲ್ಲುಚಕ್ರಗಳನ್ನು ತಿರುಗಿಸುತ್ತವೆ. ಎರಡನ್ನೂ ಒಂದೇ ಸರಳಿನಿಂದ ಬಿಗಿದಿದ್ದರೆ ಏನಾಗುತ್ತಿತ್ತು? ಗಾಲಿ ಸವೆದು ಅದರ ಸುತ್ತಳತೆ ಕಡಮೆಯಾಗುತ್ತದೆ, ಹಲ್ಲುಚಕ್ರದ ನಡೆ ಬದಲಾಗುವುದಿಲ್ಲ. ಎರಡೂ ಒಂದರೊಡನೊಂದು ಜಗಳವಾಡುತ್ತಿದ್ದವು. ಅದಕ್ಕಾಗಿ ಎರಡನ್ನು ಉಗಿಯ ಮೂಲಕ ಮಾತ್ರ ಜೋಡಿಸಿದರು. ಏರಿನಲ್ಲಿ ಉಗಿಯು ಮೊದಲು ಗಾಲಿಗಳ ಸಿಲಿಂಡರಿನಲ್ಲಿ ದುಡಿದು, ಅಲ್ಲಿಂದ ಹೊರಬಂದು ಹಲ್ಲುಚಕ್ರದ ಸಿಲಿಂಡರನ್ನು ಸೇರುತ್ತದೆ. ಗಾಲಿಗಳು ಜಾರಿ ವೇಗವಾಗಿ ತಿರುಗತೊಡಗಿದವೆನ್ನಿ. ಅವು ಹೆಚ್ಚು ಉಗಿಯನ್ನು ಮುಂದೆ ತಳ್ಳುತ್ತವೆ. ನಡುವಣ ಕೊಳವೆಯಲ್ಲಿ ಒತ್ತಡ ಏರುತ್ತದೆ. ಆ ಒತ್ತಡ ಹಲ್ಲುಚಕ್ರಕ್ಕೆ ಹೆಚ್ಚಿನ ಬಲ ಕೊಡುತ್ತದೆ, ಜಾರುತ್ತಿರುವ ಗಾಲಿಯ ಸಿಲಿಂಡರನ್ನು ಹಿಂದಕ್ಕೆ ಒತ್ತಿ ನಿಧಾನಗೊಳಿಸುತ್ತದೆ. ಒಂದು ತಪ್ಪಿದಾಗ ಇನ್ನೊಂದು ಹೊರೆ ಹೊರುತ್ತದೆ, ತಪ್ಪಿದ್ದು ತಾನಾಗಿಯೇ ದಾರಿಗೆ ಬರುತ್ತದೆ. ಗಣಕವೂ ಎನ್‌ಕೋಡರೂ ಇಲ್ಲದ ಕಾಲದ ಈ ಜಾಣ್ಮೆಯನ್ನು ನೆನೆದರೆ ಇಂದಿಗೂ ನನಗೆ ಗೌರವವುಂಟಾಗುತ್ತದೆ.

ಒಟ್ಟಿಗೆ ನಿಲ್ಲುವುದು

ಜೋಡಿಗೆ ಮೂರನೆಯ ನಿಯಮವೊಂದಿದೆ. ಒಂದು ಮೋಟಾರಿನ ಡ್ರೈವು ಬಿಸಿಯಾಗಿಯೋ ತಂತಿ ಕಡಿದೋ ನಿಂತುಹೋದರೆ ಇನ್ನೊಂದು ಅದೇ ಕ್ಷಣದಲ್ಲಿ ನಿಲ್ಲಬೇಕು. ಇಲ್ಲವಾದರೆ ನಡೆಯುತ್ತಿರುವ ಕಾಲು ನಿಂತ ಕಾಲನ್ನು ಎಳೆದುಕೊಂಡು ಹೋಗಿ ತೊಲೆಯನ್ನೇ ತಿರುಚುತ್ತದೆ. ಇದಕ್ಕಾಗಿ ಎರಡು ಡ್ರೈವ್‌ಗಳ ದೋಷಸೂಚಕ ತಂತಿಗಳನ್ನು ಸರಪಣಿಯಂತೆ ಒಂದರ ಹಿಂದೆ ಒಂದು ಜೋಡಿಸಿ ಗಣಕಕ್ಕೆ ಒಪ್ಪಿಸುತ್ತಾರೆ. ಸರಪಣಿಯ ಯಾವ ಕೊಂಡಿ ಕಡಿದರೂ ಇಡೀ ಯಂತ್ರ ನಿಲ್ಲುತ್ತದೆ. ಅಪಾಯಕಾಲದ ಕೆಂಪು ಗುಂಡಿಯೂ ಎರಡನ್ನೂ ಒಟ್ಟಿಗೆ ನಿಲ್ಲಿಸುವಂತಿರಬೇಕು.

ಇಂಥ ಯಂತ್ರ ಕೊಳ್ಳುವವರು, ನಡೆಸುವವರು ನೆನಪಿನಲ್ಲಿಡಬೇಕಾದ ಅಂಶಗಳನ್ನು ಸಂಗ್ರಹಿಸಿ ಹೇಳುವುದಾದರೆ:

1. ಮೊದಲ ಸಲ ಚಾಲನೆ ಮಾಡುವಾಗ ಮೋಟಾರುಗಳನ್ನು ಸ್ಕ್ರೂಗಳಿಂದ ಬಿಡಿಸಿ, ಎರಡೂ ಸರಿಯಾದ ದಿಕ್ಕಿಗೆ ತಿರುಗುತ್ತವೆಯೇ ನೋಡಬೇಕು. ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕೂಡಿಸಿದ ಹಲ್ಲುಚಕ್ರದ ಮೋಟಾರುಗಳಲ್ಲಿ ಒಂದು ವಿರುದ್ಧ ದಿಕ್ಕಿಗೆ ತಿರುಗಬೇಕಾಗುತ್ತದೆ.

2. ಎರಡು ಬದಿಗೂ ಒಂದೇ ಬಗೆಯ ಮೋಟಾರು, ಡ್ರೈವು, ಸ್ಕ್ರೂಗಳಿರಬೇಕು. ಒಂದು ಹಾಳಾದಾಗ ಸಿಕ್ಕಿದ ಬೇರೊಂದನ್ನು ಹಾಕಬಾರದು.

3. ಎರಡು ಬದಿಗೂ ಪ್ರತ್ಯೇಕ ಸ್ವಿಚ್ಚುಗಳಿವೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು.

4. ಮೋಟಾರನ್ನೂ ಸ್ಕ್ರೂವನ್ನೂ ಕೂಡಿಸುವ ಕಪ್ಲಿಂಗಿನ ಮೇಲೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆಯಬೇಕು. ಕಪ್ಲಿಂಗು ಸಡಿಲವಾಗಿ ಜಾರಿದರೆ ಗೆರೆ ಮುರಿದು ಕಾಣುತ್ತದೆ.

5. ಎರಡು ಬದಿಯ ಸ್ಕ್ರೂ, ಹಳಿಗಳನ್ನು ಒಂದೇ ದಿನ ಶುದ್ಧಿ ಮಾಡಿ, ಒಂದೇ ಬಗೆಯ ಗ್ರೀಸು ಹಚ್ಚಬೇಕು.

6. ತಿಂಗಳಿಗೊಮ್ಮೆ ನಾಲ್ಕು ರಂಧ್ರ ಕೊರೆದು ಕರ್ಣಗಳನ್ನು ಅಳೆಯಬೇಕು. ಅಳತೆಯನ್ನು ಪುಸ್ತಕದಲ್ಲಿ ಬರೆದಿಡಬೇಕು.

7. ಯಂತ್ರದ ಬಳಿ ದಿನವೆಲ್ಲ ನಿಂತಿರುವವನು ಹೊಸ ಸದ್ದು ಬರುತ್ತಿದೆಯೆಂದರೆ ಕೆಲಸ ನಿಲ್ಲಿಸಿ ಕೇಳಬೇಕು.

ಉಪಸಂಹಾರ

ಏಳನೆಯ ಅಂಶವನ್ನು ನಾನು ಯಾವ ಪುಸ್ತಕದಿಂದಲೂ ತೆಗೆದುಕೊಂಡಿಲ್ಲ. ಕರ್ಣಗಳನ್ನು ಅಳೆದ ಮರುದಿನ ಬೆಳಿಗ್ಗೆ ಆ ಹುಡುಗನನ್ನು ಕರೆದು ಫಲಕವನ್ನು ತೋರಿಸಿದೆ, ಲೆಕ್ಕವನ್ನು ವಿವರಿಸಿದೆ. ಹಿಡಿದಿದ್ದ ಹಣವನ್ನು ಹಿಂದಿರುಗಿಸಿದೆ. ಹಣ ಮರಳಿಸುವುದು ಸುಲಭ. ಎಲ್ಲರೆದುರಿಗೆ ಆಡಿದ ಮಾತನ್ನು ಮರಳಿ ಪಡೆಯಲು ಎಲ್ಲರೆದುರಿಗೇ ತಪ್ಪು ಒಪ್ಪಿಕೊಳ್ಳಬೇಕಾಯಿತು, ಒಪ್ಪಿಕೊಂಡೆ. ಆಮೇಲೆ ಅವನೂ ನಾನೂ ಸೇರಿ ಬಲಬದಿಗೆ ಎರಡನೆಯ ಸ್ವಿಚ್ಚನ್ನು ಕೂಡಿಸಿದೆವು. ಕರ್ಣ ಅಳೆಯುವ ಕೆಲಸವನ್ನು ಅವನೇ ವಹಿಸಿಕೊಂಡನು. ಯಂತ್ರದಲ್ಲಿ ಬಲಗಾಲಿನ ಸ್ಥಿತಿಯನ್ನು ಕೇಳುವ ಸ್ವಿಚ್ಚು ಹೇಗೆ ಇರಲಿಲ್ಲವೋ, ಕಾರ್ಖಾನೆಯಲ್ಲಿ ಅವನ ಮಾತನ್ನು ಕೇಳುವ ಕಿವಿಯೂ ಹಾಗೆಯೇ ಇರಲಿಲ್ಲವೆಂದು ನನಗೆ ಅರಿವಾಗಿತ್ತು.

ಕನ್ನಡದಲ್ಲಿ ಕಲಿತ ಗಣಿತ ದೊಡ್ಡ ಊರಿನ ಕಾರ್ಖಾನೆಯಲ್ಲಿ ಉಪಯೋಗಕ್ಕೆ ಬರುವುದೇ ಎಂದು ನಮ್ಮ ತಂದೆತಾಯಂದಿರು ಒಂದು ಕಾಲಕ್ಕೆ ಚಿಂತಿಸಿದ್ದರು. ಇಂದಿನ ತಂದೆತಾಯಂದಿರೂ ಚಿಂತಿಸುತ್ತಾರೆ. ಆ ರಾತ್ರಿ ನನಗೆ ದಾರಿ ತೋರಿಸಿದ ಪದ ಕರ್ಣ. ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಆಯತವನ್ನು ಬರೆದು, ಅದರೊಳಗೆ ಎರಡು ಕರ್ಣಗಳನ್ನೆಳೆದು, "ಅಳೆದು ನೋಡದೆ ಸಮವೆಂದು ಹೇಳಬೇಡಿ" ಎಂದು ಕಲಿಸಿದ ನಮ್ಮ ಗುರುಗಳಿಗೆ ಈ ಲೇಖನವನ್ನು ಅರ್ಪಿಸುತ್ತೇನೆ. ಒಂದೇ ಆರಂಭ, ಒಬ್ಬರ ಪಾಡನ್ನು ಇನ್ನೊಬ್ಬರು ಅರಿಯುವುದು, ಎಡವಿದಾಗ ಒಟ್ಟಿಗೆ ನಿಲ್ಲುವುದು: ನೊಗಕ್ಕೆ ಕಟ್ಟಿದ ಎರಡನ್ನು ಜೋಡಿಯಾಗಿಸುವುದು ಈ ಮೂರೇ. ಐವತ್ತು ವರ್ಷ ತುಂಬಿದ ನಮ್ಮ ಶಾಲೆ ಇನ್ನೂ ಅನೇಕ ತಲೆಮಾರುಗಳಿಗೆ ಅಳೆದು ನೋಡುವ ಬುದ್ಧಿಯನ್ನು ಕಲಿಸುತ್ತಿರಲಿ ಎಂದು ಹಾರೈಸುತ್ತೇನೆ.